ಕಿವಿಗೂ ಹಗುರ, ಜೇಬಿಗೂ ಹಗುರ: ಹೆಡ್‌ಫೋನ್ ಕೊಳ್ಳುವ ಮುನ್ನ

ಹೆಡ್‌ಫೋನ್ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. "ಬಾಸ್ ಹೇಗಿದೆ?" ಮತ್ತು "ಕೊನೆಯ ರೇಟು ಎಷ್ಟು?" ಎರಡಕ್ಕೂ ಅಂಗಡಿಯವರಲ್ಲಿ ಉತ್ತರ ಸಿದ್ಧವಿರುತ್ತದೆ. ಆದರೆ ಇವೆರಡಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅದರ ಉತ್ತರ ಅಂಗಡಿಯವರಲ್ಲಿಲ್ಲ, ನಮ್ಮಲ್ಲೇ ಇದೆ. ಇದನ್ನು ಹೆಚ್ಚಾಗಿ ಎಲ್ಲಿ ಹಾಕಿಕೊಳ್ಳುತ್ತೇವೆ? ಮನೆಯ ಕೋಣೆಯಲ್ಲೋ, ಮೆಟ್ರೋದಲ್ಲೋ, ಕಾರ್ಖಾನೆಯ ಊಟದ ವಿರಾಮದಲ್ಲೋ? ಯಾವ ಹೆಡ್‌ಫೋನ್ ನಮಗೆ ಸರಿ, ಅದರಿಂದ ಕಿವಿಗೆ ಕೆಡುಕಾಗುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಉತ್ತರವನ್ನೇ ಅವಲಂಬಿಸಿದೆ.

ಬೆಂಗಳೂರಿನ ನಾಗಸಂದ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತುಮಕೂರು ರಸ್ತೆಯ ಬದಿಯ ಈ ಪ್ರದೇಶಕ್ಕೆ 2015ರ ಮೇ 1ರಂದು ಮೆಟ್ರೋದ ಹಸಿರು ಮಾರ್ಗ ಬಂತು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ವಿಸ್ತರಣೆಯಾಗುವ ತನಕ ಆ ಮಾರ್ಗದ ಕೊನೆಯ ನಿಲ್ದಾಣ ಇದೇ ಆಗಿತ್ತು. ಒಂದು ಪಕ್ಕಕ್ಕೆ ಹೆದ್ದಾರಿಯ ಲಾರಿಗಳು, ಕೂಗಳತೆಯಲ್ಲಿ ಪೀಣ್ಯದ ಕಾರ್ಖಾನೆಗಳು. ಇಲ್ಲಿನ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳಿಗೆ ಸಂಜೆ ಆನ್‌ಲೈನ್ ತರಗತಿ. ಹಿಫ್ಝ್ ಮಾಡುತ್ತಿರುವ ಕಿರಿಯ ಮಗನಿಗೆ ಒಂದೇ ಪುಟದ ಪಾರಾಯಣವನ್ನು ಹತ್ತಾರು ಸಲ ಕೇಳಬೇಕು. ದೊಡ್ಡವನು ಬೆಳಿಗ್ಗೆ ಮೆಟ್ರೋ ಹತ್ತುತ್ತಾನೆ. ತಾಯಿಗೆ ಅಡುಗೆ ಮಾಡುತ್ತಾ ಪ್ರವಚನ ಕೇಳುವ ರೂಢಿ. ಈ ನಾಲ್ವರ ಅಗತ್ಯ ಒಂದೇ ಅಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಒಂದೇ ಇಯರ್‌ಫೋನ್ ನಾಲ್ಕು ಕಿವಿಗಳಿಂದ ನಾಲ್ಕು ಕಿವಿಗಳಿಗೆ ಸುತ್ತುತ್ತಿರುತ್ತದೆ.

ಸದ್ದಿನ ಲೆಕ್ಕ

ಮೊದಲು ಕಿವಿಯ ವಿಷಯ ತಿಳಿದುಕೊಳ್ಳೋಣ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಎಂಬ ಭಾಗವಿದೆ. ಅದರೊಳಗೆ ನವಿರು ಕೂದಲಿನಂಥ ತುದಿಯುಳ್ಳ ಕೋಶಗಳು ಸಾಲಾಗಿವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ. ಸದ್ದಿನ ಅಲೆಗೆ ಇವು ಅಲುಗಾಡಿ ಮಿದುಳಿಗೆ ಸಂಕೇತ ಕಳಿಸುತ್ತವೆ. ಗಾಳಿಗೆ ಬಾಗಿದ ರಾಗಿ ಪೈರು ಮತ್ತೆ ನೆಟ್ಟಗಾಗುವಂತೆ, ಸಾಧಾರಣ ಸದ್ದಿಗೆ ಬಾಗಿದ ಈ ತುದಿಗಳೂ ಸುಧಾರಿಸಿಕೊಳ್ಳುತ್ತವೆ. ಜೋರು ಸದ್ದಿಗೆ ದಿನವೂ ಸಿಕ್ಕಿದರೆ ಕೋಶವೇ ಸಾಯುತ್ತದೆ. ಮನುಷ್ಯನಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಕನ್ನಡಕ ಬಂದು ಕಣ್ಣಿನ ದೋಷ ನೀಗಿದಂತೆ ಶ್ರವಣ ಸಾಧನ ಬಂದು ಕಿವಿಯ ದೋಷವನ್ನು ಪೂರ್ತಿ ನೀಗಲಾರದು. ಅದು ಸದ್ದನ್ನು ದೊಡ್ಡದು ಮಾಡಿಕೊಡುತ್ತದೆ, ಕಳೆದುಹೋದ ಸ್ಪಷ್ಟತೆಯನ್ನು ತಂದುಕೊಡುವುದಿಲ್ಲ.

ಹಾಗಾದರೆ ಎಷ್ಟು ಸದ್ದು, ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬಲ್ ಮಟ್ಟದಲ್ಲಿ ಕೇಳಬಹುದು. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್. ಇಲ್ಲಿ ಒಂದು ಸೂಕ್ಷ್ಮವಿದೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಡೆಸಿಬಲ್ ಸಂಖ್ಯೆ ಮೂರು ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟಾಗುತ್ತದೆ. ಆದ್ದರಿಂದ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. 83 ಡೆಸಿಬಲ್‌ಗೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ, 92ಕ್ಕೆ ಎರಡೂವರೆ ಗಂಟೆ.

ಈಗ ಮೆಟ್ರೋ ಹತ್ತುವ ದೊಡ್ಡ ಮಗನ ಲೆಕ್ಕ ಹಾಕಿ. ನಾಗಸಂದ್ರದಿಂದ ಮೆಜೆಸ್ಟಿಕ್‌ಗೆ ಹೋಗಿ ಬರಲು ದಿನಕ್ಕೆ ಸರಿಸುಮಾರು ಒಂದು ಗಂಟೆ, ವಾರಕ್ಕೆ ಆರು ದಿನ ಎಂದರೆ 6 ಗಂಟೆ. 83 ಡೆಸಿಬಲ್‌ನಲ್ಲಿ ಕೇಳಿದರೆ ಅವನ ವಾರದ ಪಾಲಿನಲ್ಲಿ ಮೂರನೆಯ ಒಂದು ಭಾಗವೂ ಖರ್ಚಾಗಿಲ್ಲ. 89ಕ್ಕೆ ಏರಿಸಿದರೆ ಶನಿವಾರ ಬರುವ ಹೊತ್ತಿಗೆ ಪಾಲು ಮುಗಿದು ಸಾಲವಾಗಿರುತ್ತದೆ. ಮನೆಗೆ ಬಂದು ಮಲಗುವ ಮುನ್ನ ಕೇಳುವುದು ಇನ್ನೂ ಇದಕ್ಕೆ ಸೇರಿಲ್ಲ. ಎರಡರ ನಡುವೆ ಇರುವುದು ಫೋನಿನ ಗುಂಡಿಯ ಕೆಲವೇ ಒತ್ತುಗಳು.

ಅವನು ಏಕೆ ಏರಿಸುತ್ತಾನೆ? ಹಾಳುಮಾಡಿಕೊಳ್ಳಬೇಕೆಂದೇನಲ್ಲ. ರೈಲಿನ ಸದ್ದಿನ ಮೇಲೆ ಮಾತು ಕೇಳಿಸಬೇಕು, ಅದಕ್ಕೆ. ನಾಗಸಂದ್ರದಿಂದ ಸಂಪಿಗೆ ರಸ್ತೆಯವರೆಗೆ ರೈಲು ಎತ್ತರದ ಹಳಿಯ ಮೇಲೆ ಸಾಗುತ್ತದೆ. ಅಲ್ಲಿಂದ ಮುಂದೆ ಸುರಂಗಕ್ಕೆ ಇಳಿದಾಗ ಸದ್ದು ಗೋಡೆಗೆ ಬಡಿದು ಬೋಗಿಯೊಳಗೇ ತುಂಬಿಕೊಳ್ಳುತ್ತದೆ. ಕೈ ತಾನಾಗಿಯೇ ಗುಂಡಿಯ ಮೇಲೆ ಹೋಗುತ್ತದೆ. ಒಮ್ಮೆ ಏರಿಸಿದ್ದನ್ನು ರೈಲು ಇಳಿದ ಮೇಲೆ ಇಳಿಸಲು ಮರೆತುಬಿಡುತ್ತೇವೆ. ಮನೆಯ ಕೋಣೆಯಲ್ಲಿ 300 ರೂಪಾಯಿಯ ಹೆಡ್‌ಫೋನ್ ಯಾವ ತೊಂದರೆಯನ್ನೂ ಮಾಡದು. ಅದನ್ನೇ ಗದ್ದಲದ ಜಾಗದಲ್ಲಿ ಹಾಕಿಕೊಂಡರೆ ತೊಂದರೆ ಶುರು. ಅಂದರೆ ಕಿವಿಯನ್ನು ಕೆಡಿಸುವುದು ಅಗ್ಗದ ಬೆಲೆಯಲ್ಲ, ಹೊರಗಿನ ಗದ್ದಲದ ಜೊತೆಗಿನ ಪೈಪೋಟಿ.

ಪೀಣ್ಯದ ಪವರ್ ಪ್ರೆಸ್, ಗ್ರೈಂಡಿಂಗ್ ಯಂತ್ರಗಳ ಮುಂದೆ ದುಡಿಯುವವರಿಗೆ ಇನ್ನೊಂದು ಮಾತು. ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ 8 ಗಂಟೆಯ ಪಾಳಿಗೆ ಸದ್ದಿನ ಮಿತಿ 90 ಡೆಸಿಬಲ್. ಮೇಲಿನ ಲೆಕ್ಕಕ್ಕೆ ಹೋಲಿಸಿದರೆ ಇದು ಎಷ್ಟು ಸಡಿಲ ಎಂದು ತಿಳಿಯುತ್ತದೆ. ಅಂಥಲ್ಲಿ ದುಡಿದು ಬರುವವರ ಕಿವಿ ಸಂಜೆ ಆರಕ್ಕೇ ದಣಿದಿರುತ್ತದೆ. ಅವರು ಮನೆಗೆ ಹೋಗುವ ದಾರಿಯಲ್ಲಿ ಏನನ್ನೂ ಕಿವಿಗೆ ಹಾಕಿಕೊಳ್ಳದಿರುವುದೇ ಲೇಸು. ಯಂತ್ರದ ಮುಂದೆ ಇಯರ್‌ಫೋನ್ ಹಾಕಿಕೊಂಡರೆ ರಕ್ಷಣೆಯಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅದು ರಕ್ಷಣೆಯಲ್ಲ, ಗದ್ದಲದ ಮೇಲೆ ಇನ್ನೊಂದು ಗದ್ದಲ. ಕಾರ್ಖಾನೆಯವರು ಕೊಡಬೇಕಾದ ಇಯರ್ ಪ್ಲಗ್, ಇಯರ್ ಮಫ್‌ಗಳೇ ಬೇರೆ.

ಮೊದಲು ಹೋಗುವುದು ‘ಸ’ಕಾರ

ಗದ್ದಲದಿಂದ ಬರುವ ಕಿವುಡುತನ ಎಲ್ಲ ಸದ್ದನ್ನೂ ಒಟ್ಟಿಗೆ ಒಯ್ಯುವುದಿಲ್ಲ. ಅದು ಶುರುವಾಗುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಮುತ್ತಲ ತೀಕ್ಷ್ಣ ಸ್ವರಗಳಲ್ಲಿ. ಆದ್ದರಿಂದಲೇ ಬಹುಕಾಲ ಗೊತ್ತಾಗುವುದಿಲ್ಲ. ಲಾರಿ ಕೇಳಿಸುತ್ತದೆ, ಬಾಗಿಲು ಬಡಿದದ್ದು ಕೇಳಿಸುತ್ತದೆ, ಕರೆದದ್ದೂ ಕೇಳಿಸುತ್ತದೆ. ಏನು ಹೇಳಿದರು ಎಂಬುದು ಮಾತ್ರ ಸ್ಪಷ್ಟವಾಗುವುದಿಲ್ಲ. ಏಕೆಂದರೆ ಸ, ಶ, ಫ ಇಂಥ ಉಸಿರಿನ ಅಕ್ಷರಗಳ ಗುರುತು ಇರುವುದು ಆ ತೀಕ್ಷ್ಣ ಸ್ವರಗಳಲ್ಲೇ. ಮದುವೆ ಮನೆಯ ಗದ್ದಲದಲ್ಲಿ "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳುವವರು ಹಲವರು ಈ ಹಂತದಲ್ಲಿರುತ್ತಾರೆ.

ತಜ್ವೀದ್ ಕಲಿಯುವ ಮಕ್ಕಳಿರುವ ಮನೆಯಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಸೀನ್, ಸಾ, ಸ್ವಾದ್ ಈ ಮೂರರ ಉಚ್ಚಾರಣೆ ಬೇರೆ ಬೇರೆ. ಕಿವಿಗೆ ವ್ಯತ್ಯಾಸ ತಿಳಿದರೆ ತಾನೇ ನಾಲಗೆ ಅದನ್ನು ಅನುಸರಿಸುವುದು? ಮಗು ಪದೇ ಪದೇ ಒಂದೇ ಕಡೆ ತಪ್ಪುತ್ತಿದ್ದರೆ ಗದರುವ ಮೊದಲು ಅದು ಯಾವುದರಲ್ಲಿ ಕೇಳುತ್ತಿದೆ ಎಂದು ಒಮ್ಮೆ ನೀವೇ ಹಾಕಿಕೊಂಡು ನೋಡಿ. ‘ಎಕ್ಸ್‌ಟ್ರಾ ಬಾಸ್’ ಎಂದು ಬರೆದಿರುವ ಅನೇಕ ಹೆಡ್‌ಫೋನ್‌ಗಳಲ್ಲಿ ಗುಡುಗಿನಂಥ ತಗ್ಗು ಸ್ವರ ಉಬ್ಬಿರುತ್ತದೆ, ಮಾತಿನ ಸ್ಪಷ್ಟತೆ ಅದರಡಿ ಹೂತುಹೋಗಿರುತ್ತದೆ. ಪಾರಾಯಣ, ಪಾಠ, ಪ್ರವಚನ, ವಾರ್ತೆ ಕೇಳುವವರಿಗೆ ಬಾಸ್ ಬೇಕಾಗಿಯೇ ಇಲ್ಲ.

ಆನ್‌ಲೈನ್ ತರಗತಿಗೆ ಬ್ಲೂಟೂತ್ ಬೇಡ, ತಂತಿಯದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ತಾಂತ್ರಿಕ ಕಾರಣವೂ ಇದೆ. ಬ್ಲೂಟೂತ್‌ನಲ್ಲಿ ಬರೀ ಕೇಳುವಾಗ ಸದ್ದು ಚೆನ್ನಾಗಿ ಬರುತ್ತದೆ. ಮೈಕ್ ಆನ್ ಆದ ಕೂಡಲೇ ಹಲವು ಸೆಟ್‌ಗಳು ದೂರವಾಣಿ ಕರೆಯ ವಿಧಾನಕ್ಕೆ ಬದಲಾಗುತ್ತವೆ. ಆಗ ತೀಕ್ಷ್ಣ ಸ್ವರಗಳು ಕತ್ತರಿಸಿಹೋಗಿ ಧ್ವನಿ ಮಂಕಾಗುತ್ತದೆ. ಉಸ್ತಾದರು ಹೇಳಿದ ಅಕ್ಷರದ ಸೂಕ್ಷ್ಮ ಅಲ್ಲೇ ಸೋರಿಹೋಗುತ್ತದೆ. 300-400 ರೂಪಾಯಿಯ ತಂತಿಯ ಇಯರ್‌ಫೋನ್ ಈ ಕೆಲಸದಲ್ಲಿ 1,500 ರೂಪಾಯಿಯ ಬ್ಲೂಟೂತ್‌ಗಿಂತ ಎಷ್ಟೋ ಮೇಲು. ಚಾರ್ಜ್ ಮಾಡುವ ತಾಪತ್ರಯವೂ ಇಲ್ಲ. ಇತ್ತೀಚಿನ ಕೆಲವು ಫೋನ್‌ಗಳಲ್ಲಿ ದುಂಡಗಿನ ಹೆಡ್‌ಫೋನ್ ತೂತೇ ಇರುವುದಿಲ್ಲ. ಅಂಥದ್ದಕ್ಕೆ ಟೈಪ್-ಸಿ ಪಿನ್ ಇರುವ ಇಯರ್‌ಫೋನ್ ಕೇಳಿ ಪಡೆಯಬೇಕು.

ಹಗುರ ಎಂದರೆ ಎಷ್ಟು ಹಗುರ?

1979ರ ಜುಲೈನಲ್ಲಿ ಸೋನಿ ಕಂಪೆನಿ ವಾಕ್‌ಮನ್ ತಂದಾಗ ಜನರನ್ನು ಬೆರಗುಗೊಳಿಸಿದ್ದು ಕ್ಯಾಸೆಟ್ ಪೆಟ್ಟಿಗೆ ಮಾತ್ರವಲ್ಲ, ಅದರ ಜೊತೆ ಬಂದ ಹೆಡ್‌ಫೋನ್ ಕೂಡ. ಅಲ್ಲಿಯವರೆಗೆ ಹೆಡ್‌ಫೋನ್ ಎಂದರೆ 300-400 ಗ್ರಾಂ ತೂಕದ, ತಲೆಯ ಮೇಲಿನ ಹೊರೆ. ಸೋನಿಯದು ಸುಮಾರು 50 ಗ್ರಾಂ. ತೆಳುವಾದ ಲೋಹದ ಪಟ್ಟಿ, ಎರಡು ಪುಟ್ಟ ಸ್ಪಂಜಿನ ಬಿಲ್ಲೆ, ಅಷ್ಟೇ. ಆ ಮಾದರಿ ಇಂದಿಗೂ ಹಲವು ಕಂಪೆನಿಗಳಿಂದ ಸಿಗುತ್ತದೆ. ಮನೆಯಲ್ಲಿ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯದು ಅಪರೂಪ. ಕಿವಿಯ ರಂಧ್ರದೊಳಗೆ ಏನೂ ಹೋಗುವುದಿಲ್ಲ, ಗಾಳಿಯಾಡುತ್ತದೆ, ಬೆವರುವುದಿಲ್ಲ, ಪಕ್ಕದಲ್ಲಿ ಮಗು ಅತ್ತರೆ, ಕುಕ್ಕರ್ ಕೂಗಿದರೆ ಕೇಳಿಸುತ್ತದೆ. ಅಡುಗೆಮನೆಯಲ್ಲಿ ನಿಂತು ಕೇಳುವ ತಾಯಿಗೆ ಇದೇ ಸರಿ. ಹೊರಗಿನ ಸದ್ದನ್ನು ಅದು ಸ್ವಲ್ಪವೂ ತಡೆಯುವುದಿಲ್ಲವಾದ್ದರಿಂದ ಮೆಟ್ರೋಗೆ ಮಾತ್ರ ಇದು ಹೇಳಿಸಿದ್ದಲ್ಲ.

ಮೆಟ್ರೋ, ಬಸ್ಸಿಗೆ ರಬ್ಬರ್ ತುದಿಯ ಇನ್-ಇಯರ್ ಮಾದರಿ ಉತ್ತಮ. ತುದಿ ರಂಧ್ರವನ್ನು ಸರಿಯಾಗಿ ಮುಚ್ಚಿದರೆ ಹೊರಗಿನ ಗದ್ದಲ ತಗ್ಗುತ್ತದೆ. ಆಗ ಸಣ್ಣ ಸದ್ದಿನಲ್ಲೇ ಮಾತು ತಿಳಿಯುತ್ತದೆ. ಪೆಟ್ಟಿಗೆಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ತುದಿಗಳಿರುತ್ತವೆ. ಬಹುತೇಕ ಮಂದಿ ಬಂದದ್ದನ್ನೇ ಹಾಕಿಕೊಂಡು ಉಳಿದದ್ದನ್ನು ಎಸೆದುಬಿಡುತ್ತಾರೆ! ಎಡಗಿವಿ, ಬಲಗಿವಿಯ ಅಳತೆಯೇ ಬೇರೆಯಿರಬಹುದು. ಹಾಕಿಕೊಂಡು, ಏನನ್ನೂ ನುಡಿಸದೆ, ಕಿವಿಯ ಪಕ್ಕ ಎರಡು ಬೆರಳು ಉಜ್ಜಿ ನೋಡಿ. ಉಜ್ಜಿದ ಸದ್ದು ಬಹಳ ಕಡಿಮೆಯಾದರೆ ತುದಿ ಸರಿಯಾಗಿ ಕೂತಿದೆ. ಬಾಯಿ ಅಗಿದಂತೆ ಮಾಡಿದಾಗ ಜಾರಿದರೆ ಅಳತೆ ಸಣ್ಣದಾಯಿತು, ಹತ್ತು ನಿಮಿಷದಲ್ಲಿ ನೋವು ಬಂದರೆ ದೊಡ್ಡದಾಯಿತು. ಈ ಐದು ನಿಮಿಷದ ಪರೀಕ್ಷೆ ಎಷ್ಟೋ ಸಲ ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕೊಂಡದ್ದಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ.

ಗದ್ದಲ ಅಳಿಸುವ, ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಮಾರುವ ಸೆಟ್‌ಗಳ ಬಗ್ಗೆಯೂ ಕೇಳುತ್ತಾರೆ. ಇದು ಹೊರಗಿನ ಸದ್ದನ್ನು ಮೈಕ್‌ನಿಂದ ಹಿಡಿದು, ಅದಕ್ಕೆ ತಿರುಗುಮುರುಗಾದ ಅಲೆಯನ್ನು ಹೊರಡಿಸಿ ಎರಡನ್ನೂ ಪರಸ್ಪರ ಹೊಡೆದುಹಾಕುವ ಉಪಾಯ. ಎಂಜಿನ್, ಫ್ಯಾನ್, ರೈಲಿನ ಒಂದೇ ಸಮನೆಯ ಗುಂಗಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಮಾತಿಗೆ ಅಷ್ಟಾಗಿ ಇಲ್ಲ. ದಿನವೂ ಒಂದೆರಡು ಗಂಟೆ ಪ್ರಯಾಣ ಮಾಡುವವರಿಗೆ ಮಾತ್ರ ಇದಕ್ಕೆ ಖರ್ಚು ಮಾಡುವುದು ಸಾರ್ಥಕ. ಬರೆದಿದ್ದನ್ನು ಗಮನಿಸಿ ಓದಿ: ಅಗ್ಗದ ಪೆಟ್ಟಿಗೆಗಳ ಮೇಲೆ ‘ಇಎನ್‌ಸಿ’ ಎಂದಿದ್ದರೆ ಅದು ನಿಮ್ಮ ಮಾತು ಆ ಕಡೆಯವರಿಗೆ ಸ್ಪಷ್ಟವಾಗಲೆಂದು ಇರುವ ವ್ಯವಸ್ಥೆ. ನಿಮ್ಮ ಕಿವಿಗೆ ಬರುವ ಗದ್ದಲವನ್ನು ಅದು ತಡೆಯುವುದಿಲ್ಲ. ಬೇಕಾದದ್ದು ‘ಎಎನ್‌ಸಿ’. ಒಂದಕ್ಷರದ ವ್ಯತ್ಯಾಸದಲ್ಲಿ ಮೋಸಹೋದವರು ಬೇಕಾದಷ್ಟಿದ್ದಾರೆ.

ಇನ್ನು ಸ್ಕಾರ್ಫ್ ಧರಿಸುವ ಸಹೋದರಿಯರ ಅನುಕೂಲ. ಈ ವಿಷಯವನ್ನು ಹೆಡ್‌ಫೋನ್ ಮಾಡುವವರು ಯೋಚಿಸಿದಂತೆ ಕಾಣುವುದಿಲ್ಲ. ಪಟ್ಟಿಯಿರುವ ಹೆಡ್‌ಫೋನನ್ನು ಸ್ಕಾರ್ಫ್‌ನ ಮೇಲೆ ಹಾಕಿದರೆ ಜಾರ್ಜೆಟ್, ಸಿಲ್ಕ್ ಬಟ್ಟೆಯ ಮೇಲೆ ಜಾರುತ್ತದೆ, ಹತ್ತಿಯ ಮೇಲೆ ನಿಲ್ಲುತ್ತದೆ. ಕಿವಿಯ ಹತ್ತಿರ ಪಿನ್ ಇದ್ದರೆ ಬಿಲ್ಲೆ ಅದನ್ನು ಒತ್ತಿ ಅರ್ಧ ಗಂಟೆಯಲ್ಲಿ ತಲೆನೋವು ಬರಿಸುತ್ತದೆ. ಕನ್ನಡಕವೂ ಇದ್ದರಂತೂ ಕೇಳುವುದೇ ಬೇಡ. ತಂತಿಯಿಲ್ಲದ ಪುಟ್ಟ ಇಯರ್‌ಬಡ್‌ಗಳನ್ನು ಸ್ಕಾರ್ಫ್ ಒಳಗೆ ಹಾಕಿಕೊಂಡರೆ ಬಟ್ಟೆ ತಾಗಿ ಸ್ಪರ್ಶದ ಗುಂಡಿ ತಾನೇ ಒತ್ತಿಕೊಳ್ಳುತ್ತದೆ: ಪಾರಾಯಣ ನಡುವೆ ನಿಂತುಬಿಡುತ್ತದೆ, ಇಲ್ಲವೇ ಯಾರಿಗೋ ಕರೆ ಹೋಗುತ್ತದೆ. ಕರೆಯಲ್ಲಿ ಮಾತಾಡುವಾಗ ಬಟ್ಟೆ ಮೈಕ್‌ಗೆ ಉಜ್ಜಿ ಆ ಕಡೆಯವರಿಗೆ ಬರೀ ಸರಸರ ಸದ್ದು. ಆದ್ದರಿಂದ ತಂತಿಯ ಇಯರ್‌ಫೋನ್ ಅಥವಾ ಗುಂಡಿ, ಮೈಕ್ ಎರಡೂ ಕುತ್ತಿಗೆಯ ಪಟ್ಟಿಯಲ್ಲಿರುವ ನೆಕ್‌ಬ್ಯಾಂಡ್ ಇವರಿಗೆ ಹೆಚ್ಚು ಅನುಕೂಲ. ನೆಕ್‌ಬ್ಯಾಂಡ್ ಸಾಮಾನ್ಯವಾಗಿ 25ರಿಂದ 35 ಗ್ರಾಂ ತೂಗುತ್ತದೆ. ಆ ತೂಕವೂ ಕುತ್ತಿಗೆಯ ಮೇಲೆಯೇ ಹೊರತು ಕಿವಿಯ ಮೇಲಲ್ಲ.

ಸ್ಕೂಟರ್ ಓಡಿಸುತ್ತಾ ಫೋನನ್ನೇ ಸ್ಕಾರ್ಫ್ ಅಥವಾ ಹೆಲ್ಮೆಟ್ ಒಳಗೆ ಸಿಕ್ಕಿಸಿಕೊಂಡು ಮಾತಾಡುವುದನ್ನು ತುಮಕೂರು ರಸ್ತೆಯಲ್ಲಿ ಯಾವ ದಿನ ಬೇಕಾದರೂ ನೋಡಬಹುದು. ಹಿಂದಿನಿಂದ ಬರುವ ಲಾರಿಯ ಹಾರನ್ ಕೇಳಿಸದೆ ಹೋಗಲು ಒಂದು ಕ್ಷಣ ಸಾಕು. ವಾಹನ ಓಡಿಸುವಾಗ, ರಸ್ತೆ ಅಥವಾ ರೈಲು ಹಳಿ ದಾಟುವಾಗ ಯಾವ ಬಗೆಯ ಹೆಡ್‌ಫೋನೂ ಬೇಡ. ಇದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ಕೊಳ್ಳುವಾಗ

ನಾಗಸಂದ್ರದವರು ಹಸಿರು ಮಾರ್ಗದಲ್ಲೇ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಎಸ್‌.ಪಿ. ರಸ್ತೆಗೆ ನಡೆದುಕೊಂಡೇ ಹೋಗಬಹುದು. ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಆ ಬೀದಿಯಲ್ಲಿ ಆಯ್ಕೆ ಹೆಚ್ಚು, ಬೆಲೆಯೂ ಚೌಕಾಶಿಗೆ ಬಗ್ಗುತ್ತದೆ. ಹಾಗೆಯೇ ಹೆಸರಾಂತ ಕಂಪೆನಿಗಳ ಮುದ್ರೆ ಹೊತ್ತ ನಕಲಿ ಸರಕೂ ಅಂಥ ಮಾರುಕಟ್ಟೆಗಳಲ್ಲಿ ಓಡಾಡುತ್ತದೆ. ವೈರ್‌ಲೆಸ್ ಹೆಡ್‌ಫೋನ್, ಇಯರ್‌ಫೋನ್‌ಗಳಿಗೆ ಭಾರತದಲ್ಲಿ ಬಿಐಎಸ್ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಾಯಿಸಿದವರ ವಿವರ ಸಿಗುತ್ತದೆ. ಕಿವಿಗೆ ಅಂಟಿಕೊಂಡಿರುವ ಪುಟ್ಟ ಬ್ಯಾಟರಿಯ ವಿಷಯ ಇದು, ನಾಚಿಕೆಪಡದೆ ಅಂಗಡಿಯಲ್ಲೇ ನೋಡಿ.

ಅಂಗಡಿಯಲ್ಲಿ ಪರೀಕ್ಷಿಸಲು ಬಿಡುವುದಾದರೆ ಜೋರು ಸಂಗೀತ ಹಾಕಿ ನೋಡಬೇಡಿ. ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತನ್ನೋ ಪಾರಾಯಣವನ್ನೋ ಸಣ್ಣ ಸದ್ದಿನಲ್ಲಿ ಕೇಳಿ. ಸಣ್ಣ ಸದ್ದಿನಲ್ಲಿ ಅಕ್ಷರ ಬಿಡಿಬಿಡಿಯಾಗಿ ತಿಳಿದರೆ ಅದು ಒಳ್ಳೆಯ ಹೆಡ್‌ಫೋನ್. ತಲೆ ಬಗ್ಗಿಸಿ, ಅತ್ತಿತ್ತ ತಿರುಗಿಸಿ, ಹತ್ತು ನಿಮಿಷ ಹಾಗೆಯೇ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಒಂದು ನಿಮಿಷಕ್ಕೆ ಹಿತವಾಗಿದ್ದದ್ದು ಮನೆಯಲ್ಲಿ ಅರ್ಧ ಗಂಟೆಗೆ ಹಿಂಡುವುದುಂಟು.

ಮಕ್ಕಳ ಹೆಡ್‌ಫೋನ್‌ಗಳ ಮೇಲೆ ‘85 ಡೆಸಿಬಲ್‌ಗೆ ಸೀಮಿತ’ ಎಂದು ಬರೆದಿರುತ್ತದೆ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ ಮಟ್ಟ 75 ಎಂದು ಆಗಲೇ ನೋಡಿದೆವು. ಹಾಗಾಗಿ ಆ ಬರಹವನ್ನು ನಂಬಿ ದಿನವಿಡೀ ಬಿಟ್ಟುಬಿಡುವಂತಿಲ್ಲ. ಅದರ ಬದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸದ್ದಿನ ಮಿತಿಯನ್ನು ನೀವೇ ಕಟ್ಟಿಹಾಕಬಹುದು. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ, ಐಫೋನ್‌ನಲ್ಲಿ ಈ ವ್ಯವಸ್ಥೆಯಿದೆ. ದುಡ್ಡು ಖರ್ಚಿಲ್ಲ. ಅಳತೆಗೆ ಇನ್ನೂ ಸುಲಭದ ದಾರಿಯೆಂದರೆ ಗುಂಡಿಯನ್ನು ಪೂರ್ಣದ ಶೇ. 60ರೊಳಗೆ ಇಡುವುದು. ತೋಳಳತೆ ದೂರದಲ್ಲಿ ನಿಂತು ಸಾಧಾರಣ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ. ಓಗೊಡದಿದ್ದರೆ ಸದ್ದು ಹೆಚ್ಚಾಗಿದೆ. ರಬ್ಬರ್ ತುದಿಯ ಇಯರ್‌ಫೋನ್‌ಗೆ ಮಾತ್ರ ಈ ಪರೀಕ್ಷೆ ಸರಿಹೊಂದದು, ಅದು ರಂಧ್ರವನ್ನೇ ಮುಚ್ಚಿರುತ್ತದೆ.

ನೀರು, ಮೇಣ ಮತ್ತು ಶುಚಿತ್ವ

ದಿನಕ್ಕೆ ಐದು ಸಲ ವುಝೂ ಮಾಡುವ ನಾವು ಕಿವಿಯನ್ನೂ ಒದ್ದೆ ಬೆರಳಿನಿಂದ ಸವರುತ್ತೇವೆ. ಶುಚಿತ್ವದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಆ ತೇವ ಆರುವ ಮೊದಲೇ ರಬ್ಬರ್ ತುದಿಯನ್ನು ತುರುಕಿದರೆ ರಂಧ್ರದೊಳಗೆ ಬಿಸಿ ಮತ್ತು ತೇವ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಬೂಷ್ಟು ಬೆಳೆಯಲು ಅಷ್ಟು ಸಾಕು. ಮಳೆಗಾಲದಲ್ಲಿ ಕಿವಿ ತುರಿಕೆ, ಮುಚ್ಚಿಕೊಂಡಂತಾಗುವುದು, ಬಿಳಿ ಅಥವಾ ಕಪ್ಪು ಕಸ ಬರುವುದು ಇವು ಶಿಲೀಂಧ್ರ ಸೋಂಕಿನ ಲಕ್ಷಣಗಳಾಗಿರಬಹುದು. ಟವೆಲ್ಲಿನ ತುದಿಯಿಂದ ಹೊರಕಿವಿಯನ್ನು ಒರೆಸಿಕೊಂಡು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಹಾಕಿಕೊಳ್ಳಿ. ಸ್ನಾನದ ಬಳಿಕವೂ ಹೀಗೆಯೇ.

ಕಿವಿಯ ಮೇಣ ಕೊಳೆಯಲ್ಲ, ಕಿವಿಯನ್ನು ಕಾಯುವ ವಸ್ತು. ಅದು ತಾನಾಗಿ ಹೊರಗೆ ಜರುಗುತ್ತದೆ. ದಿನವಿಡೀ ರಂಧ್ರ ಮುಚ್ಚಿಟ್ಟರೆ ಮೇಣ ಒಳಗೇ ಗಟ್ಟಿಯಾಗುತ್ತದೆ. ಕಡ್ಡಿ, ಹೇರ್‌ಪಿನ್, ಹತ್ತಿಯ ಬಡ್ ಹಾಕಿ ತೆಗೆಯಲು ಹೋದರೆ ಇನ್ನೂ ಒಳಕ್ಕೆ ಹೋಗುತ್ತದೆ.

ಇಯರ್‌ಫೋನ್‌ನ ರಬ್ಬರ್ ತುದಿಯನ್ನು ವಾರಕ್ಕೊಮ್ಮೆ ಬಿಡಿಸಿ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಜಾಲರಿಯನ್ನು ಒಣ ಮೆತ್ತನೆಯ ಬ್ರಶ್‌ನಿಂದ, ಜಾಲರಿ ಕೆಳಮುಖವಾಗಿರುವಂತೆ ಹಿಡಿದು ಉಜ್ಜಿದರೆ ಸಾಕು, ನೀರು ತಾಗಿಸಬಾರದು. ಒಂದು ಕಡೆ ಸದ್ದು ಕಡಿಮೆಯಾಯಿತೆಂದು ಎಸೆಯಲ್ಪಡುವ ಇಯರ್‌ಫೋನ್‌ಗಳಲ್ಲಿ ಹಲವಕ್ಕೆ ಆಗಿರುವುದು ಮೇಣ ಕಟ್ಟಿದ್ದಷ್ಟೇ. ಇನ್ನೊಬ್ಬರ ಕಿವಿಯಿಂದ ತೆಗೆದು ಹಾಗೆಯೇ ಹಾಕಿಕೊಳ್ಳುವ ರೂಢಿ ಬಿಡಿ. ಮನೆಗೆಲ್ಲ ಒಂದೇ ಸೆಟ್ ಇರಲೇಬೇಕಾದರೆ ರಂಧ್ರದೊಳಗೆ ಹೋಗದ ಸ್ಪಂಜಿನ ಬಿಲ್ಲೆಯದನ್ನು ಕೊಳ್ಳಿ. ಇಲ್ಲವೇ ಪೆಟ್ಟಿಗೆಯಲ್ಲಿ ಬಂದ ಮೂರು ಜೊತೆ ತುದಿಗಳಲ್ಲಿ ಅಳತೆಗೆ ಸರಿಯಾದದ್ದನ್ನು ಒಬ್ಬೊಬ್ಬರಿಗೆ ಹಂಚಿಬಿಡಿ. ಕಿವಿ ಸೋರುವವರು, ತಮಟೆಯಲ್ಲಿ ತೂತಿರುವವರು ವೈದ್ಯರನ್ನು ಕೇಳದೆ ಇನ್-ಇಯರ್ ಬಳಸಬಾರದು.

ಇಯರ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಮಾತು ಹತ್ತಿ ತುಂಬಿದಂತೆ ಕೇಳಿಸಿದರೆ, ಮನೆಯವರು "ಟಿವಿ ಯಾಕಿಷ್ಟು ಜೋರು?" ಎಂದು ಪದೇ ಪದೇ ಹೇಳುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೋವಿಲ್ಲದ ಪರೀಕ್ಷೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಬಹುದು. ಗದ್ದಲದಿಂದ ಬಂದ ಕಿವುಡುತನವು ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ ಎಂಬುದು ಪೀಣ್ಯದ ಕಾರ್ಮಿಕರಿಗೆ ತಿಳಿದಿರಲಿ. ಹೆಣ್ಣೂರು ರಸ್ತೆಯಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ಹೋಗುವ ಹಿಂದಿನ ದಿನ ಇಯರ್‌ಫೋನನ್ನು ಮನೆಯಲ್ಲೇ ಬಿಡಿ. ದಣಿದ ಕಿವಿಯ ಪರೀಕ್ಷೆಯಲ್ಲಿ ಸರಿಯಾದ ಅಂಕ ಬರುವುದಿಲ್ಲ.